ಎರಡು ಗುಡ್ಡ, ನಡುವೆ ಒಂದು ಸೂರ್ಯ

ನಮ್ಮ ಡ್ರಾಯಿಂಗ್ ಮಾಸ್ತರು ತೀರಿಕೊಂಡು ಕೆಲವು ವರ್ಷಗಳಾದವು. ಸತ್ತವರ ಬಗ್ಗೆ ಕೆಟ್ಟದ್ದು ಯಾಕೆ ಆಡ್ತೀಯ ಎಂದು ಮನೆಯಲ್ಲಿ ಬೈಯುತ್ತಾರೆ. ನಾನು ಆಡುತ್ತೇನೆ. ಅವರು ಬದುಕಿದ್ದಾಗ ಎದುರು ನಿಂತು ಆಡುವ ಧೈರ್ಯ ಇರಲಿಲ್ಲ, ಅದಕ್ಕೂ ನನ್ನ ಮೇಲೆ ನನಗೆ ಸಿಟ್ಟಿದೆ.

ಗೋಡೆಗಳ ಮೇಲೆ ಚಿತ್ರ ಬರೆಯುವುದು ನನ್ನ ಕಸುಬು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲೂಕಿನ ಯಾವುದಾದರೂ ಶಾಲೆಯ ಗೋಡೆಯಲ್ಲಿ ಎರಡು ಹಸಿರು ಗುಡ್ಡಗಳ ನಡುವೆ ಸೂರ್ಯ ಹುಟ್ಟುತ್ತಿದ್ದರೆ, ಅಲ್ಲಿಂದ ನೀಲಿ ಹೊಳೆಯೊಂದು ಇಳಿದು ಬರುತ್ತಿದ್ದರೆ, ದಡದಲ್ಲಿ ಗುಡಿಸಲು, ಗುಡಿಸಲಿಗೆ ಬಾಗಿದ ಎರಡು ತೆಂಗಿನಮರ ಇದ್ದರೆ, ಅದು ನಾನು ಬರೆದದ್ದಿರಬಹುದು. ಸೂರ್ಯನಿಗೆ ಸ್ಟೀಲಿನ ಊಟದ ತಟ್ಟೆ ಒತ್ತಿ ಹಿಡಿದು ಗೆರೆ ಎಳೆಯುತ್ತೇನೆ. ಬೆಳಿಗ್ಗೆ ಶುರು ಮಾಡಿದರೆ ಮಕ್ಕಳು ಬಿಸಿಯೂಟಕ್ಕೆ ಕೂರುವ ಹೊತ್ತಿಗೆ ಆಕಾಶದಲ್ಲಿ ಹಕ್ಕಿಗಳೂ ಹಾರುತ್ತಿರುತ್ತವೆ. ಎಂಥಾ ಕೈಯಪ್ಪಾ ನಿಂದು ಎಂದು ಜನ ಹೊಗಳುತ್ತಾರೆ. ನಾನು ಬ್ರಷ್ ತೊಳೆಯುತ್ತಿರುತ್ತೇನೆ.

ಹಡಗಲಿ ಕಡೆ ಹೊಳೆ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಅದೂ ಹೀಗಿಲ್ಲ. ನಮ್ಮೂರಲ್ಲಂತೂ ಇದ್ಯಾವುದೂ ಇಲ್ಲ. ಕೂಡ್ಲಿಗಿಗೂ ಹೊಸಹಳ್ಳಿಗೂ ನಡುವಿನ ಸಣ್ಣ ಊರು ನಮ್ಮದು. ಮನೆಯ ಹಿಂದೆಯೇ ಗುಡ್ಡ. ಗುಡ್ಡವೆಂದರೆ ಬರೀ ಬಂಡೆ, ಟ್ರ್ಯಾಕ್ಟರಿನಲ್ಲಿ ತಂದು ಸುರಿದು ಹೋದ ಹಾಗೆ ಒಂದರ ಮೇಲೊಂದು. ಸಂದಿಯಲ್ಲಿ ಜಾಲಿ, ಕತ್ತಾಳೆ, ಸೀತಾಫಲದ ಗಿಡ. ಬೆಳಿಗ್ಗೆ ಆ ಬಂಡೆಗಳು ಬೂದಿ ಬಣ್ಣ, ಮಧ್ಯಾಹ್ನ ಬಿಳಿಚಿಕೊಳ್ಳುತ್ತವೆ, ಸಂಜೆ ಸುಟ್ಟ ಇಟ್ಟಿಗೆಯ ಕೆಂಪು. ಚಿಕ್ಕಂದಿನಲ್ಲಿ ನಾನು ಹಿತ್ತಲಿನಲ್ಲಿ ಕೂತು ಇದನ್ನೇ ನೋಡುತ್ತಿದ್ದೆ. ಒಲೆಯ ಇದ್ದಿಲಿನಿಂದ ಹಿತ್ತಲ ಗೋಡೆ ತುಂಬಾ ಅದನ್ನೇ ಬರೆಯುತ್ತಿದ್ದೆ. ಅವ್ವ ಹಬ್ಬಕ್ಕೆ ಸುಣ್ಣ ಬಳಿಯುವಾಗ ಆ ಗೋಡೆಯೊಂದನ್ನು ಬಿಟ್ಟು ಬಳಿಯುತ್ತಿದ್ದಳು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಹೋಬಳಿ ಮಟ್ಟದ ಚಿತ್ರ ಸ್ಪರ್ಧೆ ಬಂತು. ಪ್ರಕೃತಿ ಚಿತ್ರ ಬರೆದುಕೊಂಡು ಬನ್ನಿ, ಚೆನ್ನಾಗಿ ಬರೆದವರನ್ನು ಕಳಿಸುತ್ತೇನೆ ಎಂದು ಮಾಸ್ತರು ಹೇಳಿದರು. ನನಗೆ ಆ ರಾತ್ರಿ ನಿದ್ದೆಯೇ ಬರಲಿಲ್ಲ, ಅಷ್ಟು ಖುಷಿ. ಬಣ್ಣದ ಡಬ್ಬಿಯಲ್ಲಿ ಬಂಡೆಯ ಬಣ್ಣವೇ ಇರಲಿಲ್ಲ. ಇದ್ದಿಲು ಅರೆದೆ, ಇಟ್ಟಿಗೆ ಕುಟ್ಟಿ ಪುಡಿ ಮಾಡಿ ಜಾಲಿಯ ಅಂಟಿನಲ್ಲಿ ಕಲಸಿದೆ. ಎರಡು ದಿನ ಕೂತು ನಮ್ಮ ಗುಡ್ಡವನ್ನು ಸಂಜೆಯ ಬೆಳಕಿನಲ್ಲಿ ಬರೆದೆ. ಅಷ್ಟು ಚೆನ್ನಾಗಿ ಬರೆದದ್ದು ಅದೇ ಮೊದಲು, ಅದೇ ಕೊನೆ.

ಮಾಸ್ತರು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಇದೇನಲೇ ಇದು? ಪ್ರಕೃತಿ ಬರಿ ಅಂದ್ರ ಸುಡುಗಾಡು ಬರಕೊಂಡು ಬಂದೀಯಲ್ಲ. ಹಸರು ಎಲ್ಲೈತಿ? ನೀರು ಎಲ್ಲೈತಿ?"

"ನಮ್ಮೂರ ಗುಡ್ಡರಿ ಸರ್," ಅಂದೆ.

"ನಿಮ್ಮೂರ ಗುಡ್ಡ ಯಾವನಿಗೆ ಬೇಕಲೇ?"

ಬಲಗೈ ಚಾಚು ಎಂದರು. ಮರದ ಸ್ಕೇಲನ್ನು ಅಂಚಿಗೆ ತಿರುಗಿಸಿ ಗೆಣ್ಣುಗಳ ಮೇಲೆ ಹೊಡೆದರು. ಎಷ್ಟು ಏಟು ಎಂಬುದು ನೆನಪಿಲ್ಲ. ಹೊಡೆದು ಬೆಂಚಿನ ಮೇಲೆ ನಿಲ್ಲಿಸಿದರು. ಅಷ್ಟರಲ್ಲಿ ಚಾದಂಗಡಿಯಿಂದ ಅವರ ಮಂಡಕ್ಕಿ, ಮಿರ್ಚಿ ಬಂತು. ನನ್ನ ಹಾಳೆಯನ್ನೇ ಮೇಜಿನ ಮೇಲೆ ಹಾಸಿ, ಅದರ ಮೇಲೆ ಬಿಸಿ ಮಿರ್ಚಿ ಸುರಿದುಕೊಂಡು ತಿಂದರು. ಎಣ್ಣೆ ಬಂಡೆಯಿಂದ ಬಂಡೆಗೆ ಹರಡುವುದನ್ನು ನಾನು ಬೆಂಚಿನ ಮೇಲೆ ನಿಂತು ನೋಡಿದೆ. ಕ್ಲಾಸು ನಗುತ್ತಿತ್ತು. ತಿಂದಾದ ಮೇಲೆ ಹಾಳೆಯಲ್ಲೇ ಕೈ ಒರೆಸಿಕೊಂಡು ಮುದ್ದೆ ಮಾಡಿ ಕಿಟಕಿಯಿಂದ ಎಸೆದರು. ಇವತ್ತಿಗೂ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ. ಇಷ್ಟವಾಗದಿದ್ದರೆ ಬೇಡವೆಂದು ವಾಪಸ್ ಕೊಡಬಹುದಿತ್ತು, ಅವರಪ್ಪನ ಗಂಟೇನು ಹೋಗುತ್ತಿತ್ತು?

ಆಮೇಲೆ ಬೋರ್ಡಿನ ಮೇಲೆ ಅವರ ಪ್ರಕೃತಿ ಬರೆದರು. ಎರಡು ಗುಡ್ಡ, ಸೂರ್ಯ, ಹೊಳೆ, ಗುಡಿಸಲು, ತೆಂಗಿನಮರ. ಒಂದು ತಿಂಗಳು ದಿನವೂ ಪ್ರಾರ್ಥನೆಗೆ ಮುಂಚೆ ನಾನು ಅದನ್ನು ಬರೆದು ತೋರಿಸಬೇಕಿತ್ತು. ಗೆರೆ ಆಚೀಚೆ ಹೋದರೆ ಅದೇ ಸ್ಕೇಲು, ಅದೇ ಗೆಣ್ಣು. ಮಾಸ್ತರ ಊರೇನು ದೂರದ್ದಲ್ಲ, ಇಲ್ಲೇ ಉಜ್ಜಿನಿ ದಾರಿಯಲ್ಲಿ. ಅಲ್ಲೂ ಅಂಥ ಹೊಳೆ ಇಲ್ಲ. ಎಲ್ಲೋ ಕ್ಯಾಲೆಂಡರಿನಲ್ಲಿ ನೋಡಿದ್ದನ್ನು ನನ್ನ ಕೈಗೆ ಹೊಡೆದು ಇಳಿಸಿದರು. ಅವರಿಗೂ ಯಾರೋ ಹೀಗೇ ಹೊಡೆದು ಕಲಿಸಿರಬೇಕು ಬಿಡ್ರಿ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು. ಅದರಿಂದ ನನ್ನ ಸಿಟ್ಟು ಇಳಿಯುವುದಿಲ್ಲ.

ಕೊನೆಗೆ ಅದನ್ನೇ ಬರೆಯಲು ನನ್ನನ್ನು ಸ್ಪರ್ಧೆಗೆ ಕಳಿಸಿದರು. ನನಗೇ ಮೊದಲ ಬಹುಮಾನ ಬಂತು, ಒಂದು ಸ್ಟೀಲ್ ಡಬ್ಬಿ. ಅಪ್ಪ ತೆಂಗಿನಕಾಯಿ, ಹೂವು ತೆಗೆದುಕೊಂಡು ಹೋಗಿ ಮಾಸ್ತರ ಕಾಲು ಮುಟ್ಟಿದ. "ನೀವು ನಾಕು ಬಿಗದಿದ್ದಕ್ಕ ನಮ್ಮ ಹುಡುಗ ದಾರಿಗೆ ಬಂದ್ರಿ," ಅಂದ. ನೀನೂ ಮುಟ್ಟು ಎಂದು ನನಗೆ ಹೇಳಿದ, ಮುಟ್ಟಿದೆ. ಆ ವರ್ಷ ಹಬ್ಬಕ್ಕೆ ಹಿತ್ತಲ ಗೋಡೆಗೆ ನಾನೇ ಸುಣ್ಣ ಬಳಿದೆ. ಯಾಕೋ ಎಂದು ಅವ್ವ ಕೇಳಿದಾಗ ಅದರ ಮೇಲೆ ಇನ್ನೊಂದು ಸಲ ಬಳಿದೆ. ಆ ವಿದ್ಯೆಯೇ ಇವತ್ತು ನಿನಗೆ ಅನ್ನ ಹಾಕ್ತೈತಿ ಎಂದು ಈಗಲೂ ಊರವರು ಹೇಳುತ್ತಾರೆ. ಹೌದು, ಹಾಕುತ್ತಿದೆ. ಆ ಮಾತು ಕೇಳಿದಾಗಲೇ ನನಗೆ ಹೆಚ್ಚು ಸಿಟ್ಟು ಬರುವುದು.

ಹೋದ ವರ್ಷ ಉಚ್ಚಂಗಿದುರ್ಗದ ಕಡೆಯ ಒಂದು ಶಾಲೆಯಿಂದ ಕರೆ ಬಂತು. ಅಲ್ಲಿಯ ಹೆಡ್ ಮೇಡಂ ಹೊಸದಾಗಿ ಬಂದವರು. ನನ್ನ ಮೊಬೈಲಿನ ಫೋಟೋಗಳನ್ನೆಲ್ಲ ನೋಡಿ ಪಕ್ಕಕ್ಕಿಟ್ಟರು. "ಇವು ಬ್ಯಾಡ್ರಿ. ಈ ಕಿಟಕಿಯಿಂದ ಕಾಣ್ತೈತಲ್ಲ ದುರ್ಗದ ಗುಡ್ಡ, ಅದನ್ನೇ ಬರೀರಿ. ಹುಡ್ರು ತಮ್ಮೂರು ನೋಡ್ಲಿ," ಅಂದರು.

ಇಷ್ಟು ವರ್ಷಗಳಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಇದೊಂದು ಗೋಡೆ ಬರೆದರೆ ಸಾಕು, ಕಳೆದುಕೊಂಡದ್ದು ತಿರುಗಿ ಬರುತ್ತದೆ ಅಂದುಕೊಂಡೆ. ಮೊದಲ ದಿನ ಗೋಡೆಗೆ ಬಿಳಿ ಹೊಡೆದು ಒಣಗಲು ಬಿಟ್ಟು, ಸಂಜೆಯವರೆಗೆ ಕಿಟಕಿಯ ಹತ್ತಿರ ಕೂತು ಗುಡ್ಡ ನೋಡಿದೆ. ಕಣ್ಣಿಗೆ ಎಲ್ಲ ಕಾಣುತ್ತಿತ್ತು, ಪ್ರತಿಯೊಂದು ಬಂಡೆ, ಕೋಟೆಯ ಗೋಡೆ, ಬಿಸಿಲು ಬಿದ್ದ ಜಾಗ.

ಎರಡನೆಯ ದಿನ ಬ್ರಷ್ ಹಿಡಿದು ಗೋಡೆಗೆ ತಿರುಗಿದೆ. ಒರಟಾಗಿ ಏಳಬೇಕಾದ ಗೆರೆ ದುಂಡಗೆ ಎದ್ದು ದುಂಡಗೆ ಇಳಿಯಿತು. ಅಳಿಸಿ ಮತ್ತೆ ಎಳೆದೆ, ಮತ್ತೆ ದುಂಡಗೆ. ಬೆರಳ ಗೆಣ್ಣುಗಳು ತಾವಾಗಿಯೇ ಬಿಗಿದುಕೊಂಡಿದ್ದವು. ನನಗೆ ತಲೆಗೂದಲು ನೆರೆಯುತ್ತಾ ಬಂದಿದೆ, ಇನ್ನೂ ಏಟು ಬೀಳುತ್ತದೆಂದು ಕೈ ಕಾಯುತ್ತಿದೆ. ಹಲ್ಲು ಕಚ್ಚಿ ಬರೆಯುತ್ತಲೇ ಹೋದೆ.

ಹಿಂದೆ ಒಬ್ಬ ಹುಡುಗಿ ಬಂದು ನಿಂತಿದ್ದಳು. "ಪೇಂಟರಣ್ಣ, ನಮ್ಮ ಗುಡ್ಡದಾಗೆ ಹೊಳೆ ಇಲ್ಲ," ಅಂದಳು. ನೋಡಿದರೆ ಎರಡು ಗುಡ್ಡಗಳ ನಡುವಿನಿಂದ ನೀಲಿ ಇಳಿದು ಬಂದಿತ್ತು. ಅದನ್ನು ಯಾವಾಗ ಬರೆದೆನೋ ನನಗೇ ಗೊತ್ತಿರಲಿಲ್ಲ. ಬಿಳಿ ಬಣ್ಣದ ಡಬ್ಬಿ ತೆಗೆದು ಇಡೀ ಗೋಡೆಗೆ ಬಳಿದುಬಿಟ್ಟೆ.

ಮಧ್ಯಾಹ್ನ ಮೇಡಂ ಬಂದರು. "ಯಾಕ್ರಿ, ಗ್ವಾಡೆ ಮತ್ತೆ ಬೆಳ್ಳಗಾತಲ್ಲ?"

"ನನಗ ಬರಂಗಿಲ್ರಿ ಮೇಡಂ."

ಅವರು ನಕ್ಕರು. ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡಿರಬೇಕು. "ಐದು ತಾಲೂಕಿನ ಗ್ವಾಡೆ ತುಂಬ್ಸೀರಿ, ಕಣ್ಣೆದುರಿಗಿರೋ ಒಂದು ಗುಡ್ಡ ಬರೆಯಾಕೆ ಬರಲ್ವೇನ್ರಿ?"

"ಬರ್ತಿತ್ರಿ," ಅಂದೆ. "ಏಳನೇ ಕ್ಲಾಸಿನ್ಯಾಗ ಇದ್ದಾಗ."