ಮೊದಲ ತುತ್ತು ಅಕ್ಕೋರದು

ನಮ್ಮ ಮೊಮ್ಮಗಳು ಇವತ್ತು ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸುವ ಅಕ್ಕೋರಾದಳು. ಧಾರವಾಡದ ಹೈಕೋರ್ಟು ಹೇಳಿತು, ಸರ್ಕಾರ ಕೇಳಿತು, ಮುಂಜಾನೆ ಆರ್ಡರು ಕೈಗೆ ಬಂತು. ಓಣಿಯಲ್ಲಿ ಎದುರಾದವರಿಗೆಲ್ಲ ಸಕ್ಕರೆ ಕೊಟ್ಟೆ. ಎಲ್ಲರಿಗಿಂತ ಮೊದಲು ಕೊಡಬೇಕಾದವರು ಮಾತ್ರ ಇಲ್ಲ.

ನಮ್ಮ ಹಳೆಯ ಅಕ್ಕೋರ ಬಲಗೈ ಬೆರಳ ತುದಿಗಳು ಯಾವಾಗಲೂ ಅರಿಶಿನದ ಬಣ್ಣ. ಅಂಗನವಾಡಿಯಲ್ಲಿ ಮಕ್ಕಳಿಗೆ ಬಡಿಸುವ ಮೊದಲು ಒಂದು ತುತ್ತು ಅನ್ನ-ಸಾರು ತಾವು ತಿಂದು ನೋಡಬೇಕು, ಅದು ಸರ್ಕಾರದ ನೇಮ. ಅವರು ಅದನ್ನು ಒಲೆಯ ಹತ್ತಿರ ನಿಂತು ಮುಗಿಸುತ್ತಿರಲಿಲ್ಲ. ಮಕ್ಕಳ ಸಾಲಿನ ನಡುವೆ ಕೂತು, ಎಲ್ಲರಿಗೂ ಕಾಣುವಂತೆ ತಿನ್ನುತ್ತಿದ್ದರು. ಅವರು ಲಿಂಗ ಕಟ್ಟಿದ ಮನೆತನದವರು, ನಾವು ಮನೆಯಲ್ಲಿ ಬುದ್ಧನ ಫೋಟೋ ಇಟ್ಟವರು. ಅಲ್ಲಿ ಅಡುಗೆ ಮಾಡುತ್ತಿದ್ದವಳು ನನ್ನ ಸೊಸೆ. ಮೊದಮೊದಲು ಮೇಲಿನ ಓಣಿಯ ತಾಯಂದಿರು ಊಟದ ಹೊತ್ತಿಗೆ ಮಕ್ಕಳನ್ನು ಎತ್ತಿಕೊಂಡು ಹೋಗುತ್ತಿದ್ದರು. ಅಕ್ಕೋರು ಜಗಳ ಮಾಡಲಿಲ್ಲ. ತುತ್ತು ನುಂಗಿ, "ಉಪ್ಪ ಸರಿ ಐತಿ. ಯಾರ ಹೊಟ್ಟಿ ಹಸದೈತಿ, ಕೂಡ್ರಿ" ಎನ್ನುತ್ತಿದ್ದರು. ಒಂದೊಂದೇ ಮಗು ತಿರುಗಿ ಬಂತು.

ಮೊಮ್ಮಗಳು ಆ ಸಾಲಿನಲ್ಲೇ ಉಂಡು ಬೆಳೆದಳು, ಪಿಯುಸಿ ಪಾಸಾದಳು. ಅವಳ ಗಂಡ ದಡ್ಡಿ ಎಂಬ ಊರಿನವನು. ಇಲ್ಲೇ ಮೂಡಲಗಿಯಲ್ಲಿ ಗೋಡೆ ಕಟ್ಟುವ ಗೌಂಡಿ ಕೆಲಸ ಸಿಕ್ಕಿತೆಂದು ಮದುವೆಯಾದ ಮೇಲೆ ನಮ್ಮ ಮನೆಯಲ್ಲೇ ಉಳಿದ. ಅಕ್ಕೋರು ನಿವೃತ್ತರಾದಾಗ ಆ ಜಾಗಕ್ಕೆ ಇವಳು ಅರ್ಜಿ ಹಾಕಿದಳು. ಗಂಡನ ಊರೇ ನಿನ್ನ ಊರು, ನೀನು ಇಲ್ಲಿಯವಳಲ್ಲ ಎಂದು ಆಫೀಸಿನವರು ತಳ್ಳಿಬಿಟ್ಟರು. ಹುಡುಗಿ ಊಟ ಬಿಟ್ಟು ಮಲಗಿದಳು.

ಅಕ್ಕೋರು ಬಂದು ಹೊದಿಕೆ ಎಳೆದರು. "ಮದಿವಿ ಆದ್ರ ಊರ ಹೋಗತೈತೇನ? ಇಲ್ಲೇ ನೀರ ತುಂಬತಿ, ಇಲ್ಲೇ ಓಟ ಹಾಕತಿ. ಏಳ, ಧಾರವಾಡಕ್ಕ ನಡಿ."

ಮಂಡಿ ನೋವಿದ್ದರೂ ನಮ್ಮ ಜೊತೆ ಬಸ್ಸು ಹತ್ತಿದರು. ದಾರಿಯಲ್ಲಿ ನನ್ನ ಬುತ್ತಿ ಬಿಚ್ಚಿ, ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, "ಚಟ್ನಿ ಖಾರ ಆಗೇತಿ, ಜಡ್ಜ್ ಸಾಹೇಬ್ರಿಗೆ ಕೊಡಬ್ಯಾಡ" ಎಂದು ನಗಿಸಿದರು. ಕೋರ್ಟಿನ ಮೆಟ್ಟಿಲ ಹತ್ತಿರ ನಾನು ಚಪ್ಪಲಿ ಬಿಟ್ಟು ಕೈಮುಗಿದೆ.

"ಹಾಕ್ಕೋ ಯಕ್ಕಾ. ಗುಡಿಯಾಗ ಬೇಡತಾರ. ಇಲ್ಲಿ ನಮ್ಮದನ್ನ ಕೇಳತಾರ."

"ಕೇಳಿದ್ರ ಕೊಡತಾರೇನ್ರಿ?"

"ಕೇಳದಿದ್ರ ಕೊಡೂದಿಲ್ಲ, ಅದಂತೂ ಖರೆ."

ಕೇಸು ಮುಗಿಯುವ ಮೊದಲೇ ಅವರು ತೀರಿಕೊಂಡರು. ವಿಭೂತಿ ಹಚ್ಚಿ ಕೂಡಿಸಿದ್ದರು. ನನಗೆ ಮಕ್ಕಳ ಸಾಲಿನಲ್ಲಿ ಕೂತಂತೆಯೇ ಕಂಡರು. ಮದುವೆಯಾದ ಮಾತ್ರಕ್ಕೆ ಹೆಣ್ಣುಮಗಳ ಊರು ತಪ್ಪುವುದಿಲ್ಲ ಎಂದು ಈಗ ಕೋರ್ಟು ಹೇಳಿದೆಯಂತೆ. ವಕೀಲರು ಓದಿ ಹೇಳಿದಾಗ ಅಕ್ಕೋರ ದನಿಯೇ ಕೇಳಿದಂತಾಯಿತು.

ಸಂಜೆ ಹೋಳಿಗೆ ಮಾಡಿದೆವು. ನಮ್ಮಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರ ಊಟ. ಸೊಸೆ ನನ್ನ ಮಗನ ತಾಟಿಗೆ ಬಡಿಸಲು ಬಗ್ಗಿದಳು.

"ತಡಿಯವ್ವಾ," ಎಂದು ಮೊಮ್ಮಗಳು ನಡುವೆ ಬಂದು ಕೂತಳು. ಹೋಳಿಗೆಯ ಚೂರು ಮುರಿದು ಎಲ್ಲರೆದುರು ತಿಂದಳು. "ಬೆಲ್ಲ ಸರಿ ಐತಿ. ಯಾರ ಹೊಟ್ಟಿ ಹಸದೈತಿ, ಕೂಡ್ರಿ."

ಮಗ ಸರಿದು ಜಾಗ ಮಾಡಿದ. ಸೊಸೆ ತಾನೂ ಒಂದು ತಾಟು ತಂದು ಕೂತಳು. ನಾನೂ ಕೂತೆ. ಒಂದೇ ಸಾಲಿನಲ್ಲಿ ಎಲ್ಲರೂ ಉಂಡೆವು.