ಹೆರಿಗೆ ಮನೆಗೆ ವೈರು ಎಳೆದ ದಿನಗಳು

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಸಂಜೆ ಹನೂರಿನ ಬಸ್ಸಿಂದ ನಮ್ಮನೆಯವರನ್ನು ಇಬ್ಬರು ಹಿಡಿದುಕೊಂಡು ಇಳಿಸಿದರು. ಬಲಗೈಯನ್ನು ಟವಲ್ಲಿನಲ್ಲಿ ಕಟ್ಟಿ ಕೊರಳಿಗೆ ನೇತುಹಾಕಿದ್ದರು. ಬಸ್ಸಿನ ಟಾಪಿನ ಮೇಲಿಂದ ತೇಗದ ಪಟ್ಟಿಗಳ ಕಟ್ಟನ್ನು ಇಳಿಸಿಕೊಡುವಾಗ ಕಾಲು ಜಾರಿ ಬಿದ್ದಿದ್ದರಂತೆ. ಬಾಗಿಲಲ್ಲಿ ನಿಂತಿದ್ದ ನಾನು ಅಳುವುದಕ್ಕೆ ಮೊದಲೇ, "ಪಟ್ಟಿ ಒಂದೂ ಮುರೀನಿಲ್ಲ ಕಣಮ್ಮಿ" ಅಂದರು.

ಅವರು ವೈರ್‌ಮನ್. ಕೊಳ್ಳೇಗಾಲದ ನಮ್ಮ ಬೀದಿಯ ಅರ್ಧ ಮನೆಗಳಿಗೆ ವೈರು ಎಳೆದವರು ಅವರೇ. ವೈರು ಕೂರಿಸುವ ಆ ಪಟ್ಟಿಗಳು ಹನೂರಿನಾಚೆ, ಮಾರ್ಟಳ್ಳಿ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯ ಹೆರಿಗೆ ಮನೆಗೆ. ಊರಿನವರು ಕಟ್ಟಿಸಿದ್ದ ಹೆಂಚಿನ ಕಟ್ಟಡ, ಮೂರು ಕೋಣೆ. ಕಂಬಗಳು ಊರಿನ ತನಕ ಬಂದು ನಿಂತಿದ್ದವು. ಒಳಗೆ ವೈರಿಂಗ್ ಆಗಬೇಕಿತ್ತು, ಅಷ್ಟೆ.

ನಾಟಿ ವೈದ್ಯರು ಬಿದಿರಿನ ದಬ್ಬೆ ಇಟ್ಟು ಕೈ ಕಟ್ಟಿದರು. ಕಟ್ಟು ಬಿಚ್ಚಿದ ದಿನ ಮೂಳೆ ಕೂಡಿತ್ತು, ಆದರೆ ಹೆಬ್ಬೆರಳು ತೋರುಬೆರಳನ್ನು ಮುಟ್ಟಲಿಲ್ಲ. ನಡುವೆ ಒಂದು ಅಡಿಕೆ ಹೋಳು ತೂರುವಷ್ಟು ಜಾಗ. ಅವರು ಕಟಿಂಗ್ ಪ್ಲೇಯರನ್ನು ಆ ಕೈಯಲ್ಲಿ ಎತ್ತಿದರು, ಅದು ಜಾರಿ ನೆಲಕ್ಕೆ ಬಿತ್ತು. ಮತ್ತೆ ಎತ್ತಿದರು, ಮತ್ತೆ ಬಿತ್ತು. ಮೂರನೇ ಸಲ ಎತ್ತಲಿಲ್ಲ. ಹಿತ್ತಲಿಗೆ ಹೋಗಿ ಕರಿಬೇವಿನ ಗಿಡದ ಹತ್ತಿರ ಬಹಳ ಹೊತ್ತು ನಿಂತಿದ್ದರು.

ಅದೇ ವಾರ ಆ ಹಳ್ಳಿಯ ನರ್ಸಮ್ಮ ನಮ್ಮನೆ ಹುಡುಕಿಕೊಂಡು ಬಂದರು. ಬಿಳಿ ಸೀರೆ, ಕೈಯಲ್ಲಿ ಕೊಡೆ. ನಡುಮನೆಯ ಚಾಪೆ ಮೇಲೆ ಕೂತು, "ಕೆಲ್ಸ ಬೇರೆಯೋರ್ಗೆ ಕೊಡ್ರಿ ಅಂತಾವ್ರೆ ಊರೋರು. ನೀವೇನಂತೀರಿ?" ಎಂದು ಕೇಳಿದರು. ನಾನು ನೀರು ಕೊಡಲು ಬಗ್ಗಿದಾಗ ನಮ್ಮನೆಯವರ ಕಣ್ಣು ನನ್ನ ಬೆರಳುಗಳ ಮೇಲೆ ನಿಂತಿದ್ದು ಗೊತ್ತಾಯಿತು.

"ಒಂದು ತಿಂಗಳು ಟೈಮ್ ಕೊಡಿ, ಅಮ್ಮಾವ್ರೆ" ಅಂದರು.

ನನ್ನ ತವರು ಕೊಳ್ಳೇಗಾಲದಲ್ಲೇ, ರೇಷ್ಮೆ ನೇಕಾರರ ಕೇರಿ. ಹೊಸ ಹಾಸು ಬಂದಾಗ ಮಗ್ಗದ ಹಳೆಯ ಎಳೆಗೆ ಹೊಸ ಎಳೆಯನ್ನು ಒಂದೊಂದಾಗಿ ಕೂಡಿಸಬೇಕು. ಕೆಚ್ಚುವುದು ಎನ್ನುತ್ತಿದ್ದೆವು. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು ಒಂದು ಹೊಸೆತ, ಒಂದು ಮಡಿಕೆ. ಸಾವಿರಾರು ಎಳೆ. ಕಣ್ಣು ಮುಚ್ಚಿಕೊಂಡೂ ಮಾಡುತ್ತಿದ್ದೆ. ಅರ್ಧ ನಿದ್ದೆಯಲ್ಲಿದ್ದರೂ ಬೆರಳು ತಪ್ಪುತ್ತಿರಲಿಲ್ಲ.

ನರ್ಸಮ್ಮ ಹೋದ ಮೇಲೆ ಅವರು ತಮ್ಮ ಖಾಕಿ ಚೀಲವನ್ನು ನನ್ನ ಮುಂದೆ ಸುರಿದರು. ಮದುವೆಯಾಗಿ ನಾಲ್ಕು ವರ್ಷ ಆ ಚೀಲವನ್ನು ಗೋಡೆಯ ಗೂಟದಲ್ಲಿ ನೋಡಿದ್ದೆ, ಒಳಗೆ ಕೈ ಹಾಕಿರಲಿಲ್ಲ. ರಬ್ಬರು, ರಾಳ, ತಾಮ್ರ, ಬೆವರು ಎಲ್ಲ ಸೇರಿದ ಒಂದು ವಾಸನೆ ಮನೆ ತುಂಬ ಹರಡಿತು. ಕಟಿಂಗ್ ಪ್ಲೇಯರು, ಅದರ ಹಿಡಿಗೆ ಸುತ್ತಿದ ರಬ್ಬರು. ದೊಡ್ಡದೊಂದು, ಚಿಕ್ಕದೊಂದು ಸ್ಕ್ರೂಡ್ರೈವರು. ಮರಕ್ಕೆ ತೂತು ಗುರುತು ಮಾಡುವ ಚೂಪು ಪೋಕರು. ಸುತ್ತಿಗೆ, ಉಳಿ, ಗೋಡೆಗೆ ಬಡಿಯುವ ಮರದ ಬಿರಡೆಗಳು. ಮರದ ಹಿಡಿಯ ಚಾಕು. ಒಂದು ಹೋಲ್ಡರಿಗೆ ಎರಡು ವೈರು ಸಿಕ್ಕಿಸಿದ ಟೆಸ್ಟ್ ಲ್ಯಾಂಪು. ಇವನ್ನೆಲ್ಲ ಅವರು ಎಡಗೈಯಿಂದ ಸಾಲಾಗಿ ಜೋಡಿಸಿದರು. ಹಬ್ಬದ ದಿನ ಪಾತ್ರೆ ಜೋಡಿಸುವ ಹಾಗೆ, ನಿಧಾನವಾಗಿ.

"ಮೊದ್ಲು ಸಿಪ್ಪೆ ತೆಗಿಯೋದು ಕಲಿ" ಅಂದರು.

ಚಾಕುವನ್ನು ನೆಟ್ಟಗೆ ಹಿಡಿದು ಸುತ್ತ ಕುಯ್ದರೆ ತಾಮ್ರಕ್ಕೆ ಗಾಯವಾಗುತ್ತದೆ. ಗಾಯವಾದ ಎಳೆ ಇವತ್ತಲ್ಲ ನಾಳೆ ಅಲ್ಲೇ ತುಂಡಾಗುತ್ತದೆ. ಪೆನ್ಸಿಲ್ ಹೆರೆಯುವ ಹಾಗೆ ಓರೆಯಾಗಿ ಹಿಡಿಯಬೇಕು. ಮೇಲಿನ ನೂಲಿನ ಹೊದಿಕೆ, ಅದರೊಳಗಿನ ರಬ್ಬರು ಬಿಟ್ಟುಕೊಂಡ ಮೇಲೆ ಮಬ್ಬಾದ ಎಳೆಗಳು ಕಾಣುತ್ತವೆ. ಉಪ್ಪುಕಾಗದದಿಂದ ಉಜ್ಜಿದರೆ ಫಳಫಳ. ಬೆಳಗಿನ ಬಿಸಿಲಿನಲ್ಲಿ ಹಿತ್ತಲ ಕಲ್ಲಿನ ಮೇಲೆ ಕೂತು ಉಜ್ಜುತ್ತಿದ್ದರೆ ಅದರ ಕೆಂಪು ಬೆಳಕು ನನ್ನ ಅಂಗೈ ಮೇಲೆ ಓಡಾಡುತ್ತಿತ್ತು. ಒಲೆ ಮೇಲೆ ಸಾರು ಕುದಿಯುತ್ತಿದೆ ಎನ್ನುವುದೂ ಮರೆಯುತ್ತಿತ್ತು.

ಆಮೇಲೆ ಜಾಯಿಂಟು; ಯಾವುದನ್ನು ಕಟ್ಟಿದರೂ ಕೊನೆಗೆ ಕಾದ ಕಡ್ಡಿಯಿಂದ ಬೆಸುಗೆ ಇಡಬೇಕು. ಎರಡು ತುದಿಯನ್ನು ಜೊತೆಯಾಗಿ ಹಿಡಿದು ಹುರಿ ಮಾಡುವುದು ಇಲಿಬಾಲ. ಉದ್ದಕ್ಕೆ ಹೋಗುವ ವೈರಿನ ನಡುವಿಂದ ಕವಲು ತೆಗೆಯುವುದು ಟೀ ಜಾಯಿಂಟು. ಏಳೆಳೆಯ ದಪ್ಪ ವೈರನ್ನು ಉದ್ದಕ್ಕೆ ಕೂಡಿಸಲು ಮತ್ತೊಂದಿತ್ತು. ಎರಡು ಕಡೆಯ ಎಳೆಗಳನ್ನೂ ಕೊಡೆ ಕಡ್ಡಿಯಂತೆ ಬಿಡಿಸಿ, ಒಂದರೊಳಗೊಂದು ತೂರಿಸಿ, ಈ ಕಡೆಯ ಎಳೆ ಆ ಕಡೆಗೆ, ಆ ಕಡೆಯದು ಈ ಕಡೆಗೆ ಬಿಗಿಯಾಗಿ ಸುತ್ತಬೇಕು.

"ಇದಕ್ಕೆ ಏನಂತಾರೆ?" ಎಂದು ಕೇಳಿದೆ.

"ಇಂಗ್ಲೀಷ್ನಾಗೆ ಮ್ಯಾರೀಡ್ ಜಾಯಿಂಟು ಅಂತಾರೆ. ನಾವು ಮದುವೆ ಜಾಯಿಂಟು ಅಂತೀವಿ."

ನನಗೆ ನಗು ಬಂತು. ಕೈ ಮುರಿದ ಮೇಲೆ ಅವರೂ ನಕ್ಕಿದ್ದು ಅವತ್ತೇ ಮೊದಲು.

ನಗು ಬೇಗ ನಿಂತಿತು. ನಾನು ಕಟ್ಟಿದ್ದನ್ನೆಲ್ಲ ಅವರು ಎಡಗೈಯಲ್ಲಿ ಎಳೆದು ನೋಡಿ ಬುಟ್ಟಿಗೆ ಎಸೆಯುತ್ತಿದ್ದರು. ರೇಷ್ಮೆ ಮಾತು ಕೇಳುತ್ತದೆ, ತಾಮ್ರ ಕೇಳುವುದಿಲ್ಲ. ಅದು ಬೆರಳನ್ನು ಚುಚ್ಚುತ್ತದೆ, ಸುತ್ತಿದ್ದು ಮೆಲ್ಲಗೆ ವಾಪಸ್ಸು ಬಿಚ್ಚಿಕೊಳ್ಳುತ್ತದೆ. ಪ್ಲೇಯರಿನ ಬಾಯಲ್ಲಿ ಹಿಡಿದು ಎಳೆದು ಸುತ್ತಬೇಕು ಎನ್ನುವುದು ನನ್ನ ಕೈಗೆ ಹತ್ತಲು ಮೂರು ವಾರ ಬೇಕಾಯಿತು. ತುದಿಬೆರಳೆಲ್ಲ ತೂತಾಗಿ, ಹುಣಸೆಹಣ್ಣು ಹಿಂಡುವಾಗ ಉರಿಯುತ್ತಿತ್ತು.

ಒಂದು ದಿನ ಅವರು ನಾನು ಕಟ್ಟಿದ ಜಾಯಿಂಟನ್ನು ಎಸೆಯಲಿಲ್ಲ. ಜಂತೆಗೆ ಆ ವೈರನ್ನು ಬಿಗಿದು, ಕೆಳತುದಿಗೆ ಅಡುಗೆಮನೆಯ ಗುಂಡುಕಲ್ಲನ್ನು ಗೋಣಿಯಲ್ಲಿ ಕಟ್ಟಿ ನೇತುಹಾಕಿದರು. ಬೆಸುಗೆ ಇರಲಿಲ್ಲ, ಟೇಪಿರಲಿಲ್ಲ, ಬರೀ ತಾಮ್ರ. ಕಲ್ಲು ಸುಮ್ಮನೆ ತಿರುಗುತ್ತ ನಿಂತಿತು. ನಾವಿಬ್ಬರೂ ಕೆಳಗೆ ಕೂತು ಅದನ್ನೇ ನೋಡಿದೆವು. ಮಧ್ಯಾಹ್ನದ ಊಟ ಮಾಡಿ ಬಂದಾಗಲೂ ತಿರುಗುತ್ತಲೇ ಇತ್ತು.

"ಸರಿ. ನಾಳೆ ಓಗಮ" ಅಂದರು.

ಹೆರಿಗೆ ಮನೆಯ ಮುಂದೆ ನಾನು ಏಣಿ ಹತ್ತಿದ ಮೊದಲ ದಿನ ಊರಿಗೆ ಊರೇ ಬಂದಿತ್ತು. ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ಮೇಲೆ ನಮ್ಮನೆಯವರ ತುಂಬುತೋಳಿನ ಷರಟು ತೊಟ್ಟಿದ್ದೆ. ಜಾಗ ದಾನ ಕೊಟ್ಟಿದ್ದ ಹಿರಿಯರು, ಹಣೆ ತುಂಬ ವಿಭೂತಿ, ಕೋಲೂರಿಕೊಂಡು ಮುಂದೆ ಬಂದರು.

"ಏನ್ಲಾ ಇದು, ಎಂಗಸ್ನ ಏಣಿ ಅತ್ತಿಸ್ತಿದ್ದೀಯಲ್ಲ?" ಎಂದು ನಮ್ಮನೆಯವರನ್ನು ಕೇಳಿದರು.

ನಮ್ಮನೆಯವರು ಏಣಿಗೆ ಎಡಭುಜ ಒತ್ತಿ ಹಿಡಿದಿದ್ದರು. ಅವರ ಕಿವಿ ಕೆಂಪಾಗಿದ್ದು ಮೇಲಿಂದ ಕಾಣುತ್ತಿತ್ತು. ಉತ್ತರ ಕೊಟ್ಟವರು ನರ್ಸಮ್ಮ. "ಇದು ಎರಿಗೆ ಮನೆ ಕಣ್ರೀ ಯಜಮಾನ್ರೆ. ಇಲ್ಲಿ ಗಂಡಸ್ರಿಗೇನು ಕೆಲ್ಸ? ನಡೀರಿ ಆಚ್ಗೆ, ಎಲ್ರೂ."

ಹೆಂಗಸರು ಗೊಳ್ಳೆಂದು ನಕ್ಕರು. ಹಿರಿಯರೂ ಕೋಲು ಊರಿಕೊಂಡು ಹುಣಸೆ ಮರದ ಕೆಳಗೆ ಹೋಗಿ ಕೂತರು. ಆಮೇಲೆ ದಿನವೂ ಅಲ್ಲೇ ಬಂದು ಕೂರುತ್ತಿದ್ದರು.

ಆ ದಿನಗಳನ್ನು ನೆನೆದರೆ ನನಗೆ ಬಿಸಿಲು ಮೊದಲು ನೆನಪಾಗುತ್ತದೆ. ಹೆಂಚಿನ ಸಂದಿಯಿಂದ ಇಳಿದ ಬಿಸಿಲ ಕೋಲುಗಳಲ್ಲಿ ಸುಣ್ಣದ ಧೂಳು ಮೇಲಕ್ಕೂ ಕೆಳಕ್ಕೂ ಈಜುತ್ತಿತ್ತು. ದಾರಕ್ಕೆ ನೀಲಿ ಸವರಿ ಗೋಡೆಗೆ ಮಿಡಿದರೆ ನೆಟ್ಟನೆಯ ಗೆರೆ. ಗೆರೆಯ ಮೇಲೆ ಬಿರಡೆ, ಬಿರಡೆಯ ಮೇಲೆ ತೇಗದ ಪಟ್ಟಿ, ಪಟ್ಟಿಯ ಮೇಲೆ ಕ್ಲಿಪ್ಪು, ಕ್ಲಿಪ್ಪಿನ ಹೊಟ್ಟೆಯೊಳಗೆ ಜೋಡಿ ವೈರು. ಏಣಿಯ ಮೇಲೆ ನಿಂತರೆ ಕಿಟಕಿಯಾಚೆ ಮಾದಪ್ಪನ ಬೆಟ್ಟದ ಸಾಲು ನೀಲಿಯಾಗಿ, ಹತ್ತಿರವೂ ಅಲ್ಲದೆ ದೂರವೂ ಅಲ್ಲದೆ ತೇಲುತ್ತಿತ್ತು. ಪಕ್ಕದ ಕೋಣೆಯಲ್ಲಿ ಹೊಸ ಕೂಸು ಅಳುತ್ತಿತ್ತು. ಕೆಳಗಿಂದ ಅವರ ದನಿ: "ಎಡಕ್ಕೆ. ಇನ್ನೊಂಚೂರು. ಆ, ಅಲ್ಲೇ." ದಿನ ಕಳೆದಂತೆ ಆ ದನಿ ನನ್ನ ಕೈಯೊಳಗಿಂದಲೇ ಬರುತ್ತಿದೆ ಅನ್ನಿಸುತ್ತಿತ್ತು.

ಕೆಲಸ ಮುಗಿಯುವ ಹಿಂದಿನ ದಿನ ನಾನೊಂದು ತಪ್ಪು ಮಾಡಿದೆ. ಹೆರಿಗೆ ಕೋಣೆಯ ದೊಡ್ಡ ತೊಲೆಯ ಮೇಲೆ ಒಂದು ಜಾಯಿಂಟು ಪೆಟ್ಟಿಗೆ. ಕತ್ತು ನೋಯುತ್ತಿತ್ತು, ಬೆಸುಗೆ ಕಡ್ಡಿ ಆರಿತ್ತು, ಮತ್ತೆ ಇಳಿದು ಕೆಂಡದಲ್ಲಿಟ್ಟು ಕಾಯಿಸಲು ಬೇಸರ. ಎಳೆಗಳನ್ನು ಕೈಯಲ್ಲೇ ನಾಲ್ಕು ಸುತ್ತು ಹೊಸೆದು, ಮೇಲೆ ಕಪ್ಪು ಟೇಪು ಸುತ್ತಿ ಮುಚ್ಚಳ ಹಾಕಿಬಿಟ್ಟೆ. ಕೆಳಗಿಂದ ಅದು ಯಾರಿಗೂ ಕಾಣುತ್ತಿರಲಿಲ್ಲ.

ಮಾರನೆಯ ದಿನ ಸಾಮಾನು ಕಟ್ಟಿಕೊಂಡು ಬಸ್ಸು ಹತ್ತಿದೆವು. ಹನೂರಿನಲ್ಲಿ ಬಸ್ಸು ಅರ್ಧ ಗಂಟೆ ನಿಲ್ಲುತ್ತಿತ್ತು. ಎಲ್ಲರೂ ಕಾಫಿಗೆ ಇಳಿದರು, ನಾನು ಇಳಿಯಲಿಲ್ಲ, ನಮ್ಮನೆಯವರೂ ನನ್ನ ಪಕ್ಕದಲ್ಲೇ ಕೂತರು. ಸಡಿಲ ಜಾಯಿಂಟು ಕಾದು ಕಿಡಿ ಕಾರುತ್ತದೆ ಎಂದು ಅವರೇ ಕಲಿಸಿದ್ದರು. ಆ ಕೋಣೆಯ ಮಂಚ, ಅದರ ನೆತ್ತಿಗೆ ಸರಿಯಾಗಿ ಆ ತೊಲೆ, ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು.

"ಏನೂಂದ್ರೆ, ತೊಲೆ ಮೇಲಿನ ಜಾಯಿಂಟಿಗೆ ಬೆಸುಗೆ ಇಟ್ಟಿಲ್ಲ" ಅಂದೆ. "ಕೈಲೇ ಹೊಸೆದು ಟೇಪ್ ಸುತ್ತಿಬಿಟ್ಟೆ."

ಅವರು ನನ್ನನ್ನು ನೋಡಲಿಲ್ಲ. ಎದ್ದು, ಸೀಟಿನ ಕೆಳಗಿದ್ದ ಚೀಲವನ್ನು ಎಡಗೈಯಲ್ಲಿ ಎಳೆದುಕೊಂಡು ಬಸ್ಸಿಳಿದರು. ನಾನೂ ಇಳಿದೆ. ಆ ಕಡೆಗೆ ಮತ್ತೆ ಬಸ್ಸಿದ್ದದ್ದು ಸಂಜೆಗೆ. ಹುಲ್ಲು ಇಳಿಸಿ ವಾಪಸ್ಸು ಹೋಗುತ್ತಿದ್ದ ಗಾಡಿಯವರೊಬ್ಬರು ಹತ್ತಿಸಿಕೊಂಡರು.

ಆ ಗಾಡಿ ಪಯಣ ಎಷ್ಟು ಹೊತ್ತಿನದೋ ನನಗೆ ಗೊತ್ತಿಲ್ಲ. ಎರಡು ಗಂಟೆಯಿದ್ದೀತು, ಒಂದು ಜನ್ಮದಷ್ಟೂ ಇದ್ದೀತು. ಎತ್ತುಗಳು ನಿದ್ದೆಯಲ್ಲಿ ನಡೆಯುವಂತೆ ನಡೆದವು. ಎರಡೂ ಕಡೆ ರಾಗಿ ಹೊಲ, ಮೇಲೆ ಅಲುಗಾಡದ ಮೋಡ. ಉಳಿದ ಹುಲ್ಲಿನ ವಾಸನೆಯಲ್ಲಿ ನಾವು ಎದುರುಬದುರು ಕೂತಿದ್ದೆವು. ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಊರು ಕಂಡಾಗ ಮಾತ್ರ, "ನಾನೂ ಒಂದ್ಸಲ ಇಂಗೇ ಮಾಡಿದ್ದೆ. ಯಾರ್ಗೂ ಯೋಳ್ನಿಲ್ಲ. ಇವತ್ಗೂ ಆ ಮನೆ ಮುಂದೆ ಓಗಕ್ಕಿಲ್ಲ" ಅಂದರು.

ಏಣಿ ಹಾಕಿ ಮುಚ್ಚಳ ತೆಗೆದು ಟೇಪು ಬಿಚ್ಚಿದೆ. "ಎಳಿ" ಅಂದರು ಕೆಳಗಿಂದ. ಎಳೆದೆ. ಎರಡು ವೈರೂ ಎರಡು ಕೈಗೆ ಬಂದವು. ಕಣ್ಣಲ್ಲಿ ನೀರು ತುಂಬಿ ಏನೂ ಕಾಣಲಿಲ್ಲ. ನರ್ಸಮ್ಮ ಕೆಂಡ ಮಾಡಿಕೊಟ್ಟರು. ಎಳೆಗಳನ್ನು ಉಜ್ಜಿ, ಪ್ಲೇಯರಿನಲ್ಲಿ ಬಿಗಿದು ಹುರಿ ಮಾಡಿ, ರಾಳ ಹಚ್ಚಿ, ಕಾದ ಕಡ್ಡಿ ಮುಟ್ಟಿಸಿದೆ. ಬೆಸುಗೆ ಕರಗಿ ಎಳೆಗಳ ನಡುವೆ ಬೆಳ್ಳಿ ನೀರಿನಂತೆ ತಾನಾಗಿ ಒಳಗಿಳಿಯಿತು. ಆರುವ ತನಕ ಉಸಿರು ಬಿಡಲಿಲ್ಲ.

ಹದಿನೈದು ದಿನ ಬಿಟ್ಟು ವಿದ್ಯುತ್ ಇಲಾಖೆಯ ಇನ್ಸ್‌ಪೆಕ್ಟರ್ ಬಂದರು. ವೈರಿನ ಸೋರಿಕೆ ತೋರಿಸುವ ಒಂದು ಮರದ ಪೆಟ್ಟಿಗೆಯ ಹಿಡಿಯನ್ನು ಗರಗರ ತಿರುಗಿಸಿ ಮುಳ್ಳು ನೋಡಿದರು. ಆಮೇಲೆ ತಾವೇ ಏಣಿ ಹತ್ತಿ ಎರಡು ಜಾಯಿಂಟು ಪೆಟ್ಟಿಗೆ ಬಿಚ್ಚಿದರು. ಆ ತೊಲೆಯದನ್ನು ಮುಟ್ಟಲೇ ಇಲ್ಲ.

"ಯಾರು ಹಾಕಿದ್ದು ಈ ಜಾಯಿಂಟು?" ಎಂದರು.

"ನಮ್ಮನೆಯವ್ಳು, ಸಾ" ಅಂದರು ಇವರು. "ಪರ್ಮಿಟ್ಟು ನಂದು, ಪಕ್ಕದಾಗೇ ನಿಂತು ಮಾಡ್ಸಿವ್ನಿ. ಕೈ ಅವಳ್ದು."

ಇನ್ಸ್‌ಪೆಕ್ಟರ್ ಏಣಿಯ ಮೇಲಿಂದ ನನ್ನನ್ನು ನೋಡಿದರು, ಇವರ ಬಲಗೈ ನೋಡಿದರು. "ಟೇಪು ಸ್ವಲ್ಪ ಜಾಸ್ತಿ ಸುತ್ತಿದ್ದೀರಮ್ಮ" ಎಂದರು. ಇಳಿದು ಬಂದು ಕಾಗದಕ್ಕೆ ಸಹಿ ಹಾಕಿದರು.

ಕರೆಂಟು ಕೊಟ್ಟಿದ್ದು ಹಾಡುಹಗಲು, ಹನ್ನೊಂದು ಗಂಟೆಗೆ. ನರ್ಸಮ್ಮ ಸ್ವಿಚ್ಚು ಒತ್ತಿದರು. ಬಾಗಿಲಿಂದ, ಕಿಟಕಿಯಿಂದ ಬಿಸಿಲು ಸುರಿಯುತ್ತಿದ್ದ ಕೋಣೆಯಲ್ಲಿ ಬಲ್ಬು ಕಡಲೆಕಾಳಿನಷ್ಟು ಹಳದಿಯಾಗಿ ಹತ್ತಿತು. ಅದರಿಂದ ಯಾವ ನೆರಳೂ ಬೀಳಲಿಲ್ಲ. ಆದರೂ ಒಬ್ಬರೂ ಅಲ್ಲಿಂದ ಕದಲಲಿಲ್ಲ. ಜಾಗ ಕೊಟ್ಟ ಹಿರಿಯರು ಕೆಳಗೆ ನಿಂತು, ಕೋಲನ್ನು ಕಂಕುಳಿಗಿಟ್ಟು, ಬಲ್ಬಿಗೆ ಕೈ ಮುಗಿದರು. ಆಮೇಲೆ ನನ್ನ ಕಡೆ ತಿರುಗಿ, "ಊಟ ಮಾಡ್ಕಂಡು ಓಗವ್ವ" ಅಂದರು.

ಆಮೇಲೆ ಹತ್ತು ವರ್ಷ ನಾವಿಬ್ಬರೂ ಕೂಡಿ ಕೆಲಸ ಮಾಡಿದೆವು. ಯಳಂದೂರಿನ ಅಕ್ಕಿ ಗಿರಣಿ, ಬಿಳಿಗಿರಿರಂಗನ ಬೆಟ್ಟದ ಬುಡದ ಮನೆಗಳು, ಎಲ್ಲೆಲ್ಲೋ. ನನಗೆ ವೈರಿಂಗ್ ಪರ್ಮಿಟ್ಟು ಸಿಗಲಿಲ್ಲ. ಅರ್ಜಿಯ ಹಾಳೆಯಲ್ಲಿ ತಂದೆಯ ಹೆಸರಿಗೂ ವಿದ್ಯಾಭ್ಯಾಸಕ್ಕೂ ಜಾಗವಿತ್ತು, ಶಾಲೆಯ ಸರ್ಟಿಫಿಕೇಟು ನನ್ನ ಹತ್ತಿರ ಇರಲಿಲ್ಲ. ಒಂದೆರಡು ದಿನ ಬೇಜಾರಾಯಿತು. ಆಮೇಲೆ ಕೆಲಸ ಬಂತು, ಹೋದೆವು.

ಒಡೆಯರಪಾಳ್ಯದಲ್ಲಿ ಟಿಬೆಟ್ಟಿನವರು ಬಂದು ನೆಲೆಸಿದ ಮೇಲೆ ಅಲ್ಲೊಂದು ಮನೆಗೆ ವೈರು ಎಳೆಯಲು ಕರೆ ಬಂತು. ಮಂಜು ನೆಲಕ್ಕೇ ಇಳಿದಿದ್ದ ಬೆಳಗ್ಗೆ. ಮನೆಯ ಯಜಮಾನರು ಹರಕು ಕನ್ನಡದಲ್ಲಿ, ತಮ್ಮ ತಾಯಿ ಎದ್ದು ನಿಲ್ಲಲಾರರು, ಸ್ವಿಚ್ಚು ಅವರ ಕೈಗೆ ಸಿಗಬೇಕು ಎಂದರು. ನಮ್ಮನೆಯವರು ಗೋಡೆಯನ್ನೂ ಆ ಅಜ್ಜಿಯನ್ನೂ ಬಹಳ ಹೊತ್ತು ನೋಡಿದರು. ಸ್ವಿಚ್ಚು ಎದೆಮಟ್ಟಕ್ಕಿರಬೇಕು ಎಂದು ನನಗೆ ಕಲಿಸಿದವರೇ ಅವರು. "ಕೂತ್ಕೊ" ಅಂದರು ನನಗೆ. ಅಜ್ಜಿಯ ಪಕ್ಕ ಕಂಬಳಿಯ ಮೇಲೆ ಕೂತೆ. ಕೂತಲ್ಲಿಂದ ಕೈ ಚಾಚಿ ಗೋಡೆಗೆ ಬೆರಳಿಟ್ಟೆ. ಅಲ್ಲೇ ಬಿರಡೆ ಬಡಿದೆವು.

ಕರೆಂಟು ಬಂದಾಗ ಅಜ್ಜಿ ಒತ್ತಿದರು, ದೀಪ ಹತ್ತಿತು. ಮತ್ತೆ ಒತ್ತಿದರು, ಆರಿತು. ಹಲ್ಲಿಲ್ಲದ ಬಾಯಿ ತುಂಬ ನಗು. ಹತ್ತಿಸುವುದು, ಆರಿಸುವುದು. ನಾವು ಆ ಮನೆಯವರು ಕೊಟ್ಟ ಉಪ್ಪು ಬೆಣ್ಣೆಯ ಬಿಸಿ ಚಹಾ ಹಿಡಿದುಕೊಂಡು ನೋಡುತ್ತ ಕೂತೆವು.