ಸೆಕೆಂಡ್ ಹ್ಯಾಂಡ್ ಬೈಕಿನ ಸದ್ದು

ಗುರುತು ಪರಿಚಯವಿಲ್ಲದವರ ಅಂಗಳದಲ್ಲಿ ಮಂಡಿಯೂರಿ ಕುಳಿತು, ಅವರ ಬೈಕಿನ ಹೊಟ್ಟೆಯ ಕೆಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿದ್ದೀರಾ? ನಾನು ನೋಡಿದೆ. ಹೋದ ತಿಂಗಳ ಒಂದು ಭಾನುವಾರ, ಕಳಸದ ಹತ್ತಿರ, ಇಸ್ತ್ರಿ ಮಾಡಿದ ಕಾಟನ್ ಸೀರೆಯಲ್ಲಿ.

"ಅಮ್ಮಾ, ಎದ್ದೇಳು. ಮರ್ಯಾದೆ ಹೋಗ್ತಿದೆ," ಎಂದಳು ಮಗಳು ಹಲ್ಲು ಕಚ್ಚಿಕೊಂಡು.

ಹೋದರೆ ಹೋಗಲಿ. ಮರ್ಯಾದೆಯನ್ನು ಇನ್ನೊಮ್ಮೆ ಸಂಪಾದಿಸಬಹುದು. ಮಗಳು ನನಗೆ ಇರುವುದು ಒಬ್ಬಳೇ.

ಮೊದಲಿನಿಂದ ಹೇಳುತ್ತೇನೆ. ಮಗಳ ಹೆಸರು ಸಹನಾ. (ಇಟ್ಟವಳು ನಾನೇ. ದುಡುಕಿದೆ.) ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ರುಚಿ ನೋಡುವ ಕೆಲಸ. ಚಮಚದಿಂದ ಸೊರ್ ಎಂದು ಎಳೆದು, ಬಾಯಲ್ಲೆಲ್ಲ ಆಡಿಸಿ, ಉಗಿದು, "ಇದು ಸರಿಯಾಗಿ ಒಣಗಿಲ್ಲ" ಎಂದು ತೀರ್ಪು ಕೊಡುತ್ತಾಳೆ. ಮನೆಯಲ್ಲಿ ನಾನು ಮಾಡುವ ಕಾಫಿಗೂ ದಿನಾ ಮಾರ್ಕ್ಸ್ ಬೀಳುತ್ತದೆ. ಪಾಸಾಗುವುದು ಅಪರೂಪ.

ಮೂಡಿಗೆರೆಯಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಒಂದು ದಿನ ಊಟಕ್ಕೆ ಕುಳಿತಾಗ, "ಬಸ್ಸಿಗೆ ಕಾದು ಕಾದು ಸಾಕಾಯ್ತಮ್ಮ, ಬೈಕ್ ತಗೊಳ್ತೀನಿ" ಎಂದಳು. ಸ್ಕೂಟರ್ ಇರಬೇಕು ಎಂದುಕೊಂಡು ತಲೆಯಾಡಿಸಿದೆ. ಅವಳು ಫೋನ್ ತೋರಿಸಿದಳು. ಕೆಂಪು ಸ್ಪೋರ್ಟ್ಸ್ ಬೈಕು! ಟ್ಯಾಂಕಿನ ಮೇಲೆ ಬೋರಲು ಮಲಗಿಕೊಂಡು ಓಡಿಸುತ್ತಾರಲ್ಲ, ಅಂಥದ್ದು. ಅದೂ ಸೆಕೆಂಡ್ ಹ್ಯಾಂಡ್.

ನನ್ನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಮೂಡಿಗೆರೆ, ಚಿಕ್ಕಮಗಳೂರಿನ ನಡುವಿನ ತಿರುವುಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಸಂಜೆಯ ಮಂಜು, ರಸ್ತೆಗೆ ಅಡ್ಡ ಬರುವ ದನ, ಟಿಂಬರ್ ಲಾರಿ, ವೀಕೆಂಡ್ ಟೂರಿಸ್ಟ್‌ಗಳ ಕಾರು. ಹೆದರಿಕೆಯಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ನನ್ನ ಯಜಮಾನರನ್ನು ನೋಡಿದೆ. "ದುಡಿಯೋ ಹುಡುಗಿ, ತಗೊಳ್ಳಿ ಬಿಡು," ಎಂದು ಮಜ್ಜಿಗೆ ಸುರಿದುಕೊಂಡರು. ಕೆಲವರಿಗೆ ದೇವರು ಭಯವನ್ನೇ ಕೊಟ್ಟಿರುವುದಿಲ್ಲ. ಅವರ ಪಾಲನ್ನೂ ಹೆಂಡತಿಗೇ ಕೊಟ್ಟಿರುತ್ತಾನೆ.

ಬೇಡ ಎನ್ನಲು ಅವಳೇನು ಶಾಲೆಯ ಹುಡುಗಿಯೇ? ತಡೆಯಲಾಗದಿದ್ದರೆ ಪರೀಕ್ಷೆಯನ್ನಾದರೂ ಮಾಡೋಣ ಎಂದುಕೊಂಡೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವಳು ನಾನು, ಬೈಕು ಏನು ಬ್ರಹ್ಮವಿದ್ಯೆಯೇ? ಒಂದು ವಾರ ಕೂತು ವಿಡಿಯೋಗಳನ್ನು ನೋಡಿದೆ. ಎಷ್ಟು ನೋಡಿದೆನೆಂದರೆ, ನಾನು ಕಾಲೇಜು ಹುಡುಗ ಎಂದು ನನ್ನ ಫೋನ್ ತೀರ್ಮಾನಿಸಿಬಿಟ್ಟಿದೆ. ಈಗಲೂ ಮಂಡಿಗೆ ಕಟ್ಟುವ ಗಾರ್ಡುಗಳ ಜಾಹೀರಾತುಗಳು ಬರುತ್ತವೆ. (ಮಂಡಿನೋವಿಗೂ ಆದೀತೇನೋ.)

ಮಗಳಿಗೆ ಒಂದು ಕಂಡೀಷನ್ ಹಾಕಿದೆ. ಸೈಲೆನ್ಸರ್ ಕಂಪನಿಯದ್ದೇ ಇರಬೇಕು. ಈ ಅಂಕಣವನ್ನು ತಪ್ಪದೆ ಓದುವವರಿಗೆ ಕಾರಣ ಗೊತ್ತು. ನಮ್ಮ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಪಟಾಕಿ ಹೊಡೆದಂತೆ ಹೋಗುವ ಬೈಕುಗಳ ಬಗ್ಗೆ ಇಲ್ಲೇ ಬರೆದಿದ್ದೆ. ಸದ್ದಿನ ಸೈಲೆನ್ಸರ್ ಹಾಕಿಸಿಕೊಂಡವರನ್ನು ಅವರದ್ದೇ ಬೈಕಿನ ಪಕ್ಕ ಮಲಗಿಸಬೇಕು ಎಂದಿದ್ದೆ. "ಸರಿಯಾಗಿ ಝಾಡಿಸಿದ್ರಿ ಮೇಡಂ" ಎಂದು ನಿಮ್ಮಲ್ಲೇ ಎಷ್ಟು ಜನ ಫೋನ್ ಮಾಡಿರಲಿಲ್ಲ!

ಸರಿ, ಭಾನುವಾರ ಬೆಳಿಗ್ಗೆ ತಾಯಿ ಮಗಳು ಕಾರಿನಲ್ಲಿ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರುದೋಸೆ. ಅವಳು ನಾಲ್ಕು ತಿಂದಳು, ನನಗೆ ಅರ್ಧವೂ ಇಳಿಯಲಿಲ್ಲ.

ಮಾರುವವನು ಪ್ರಜ್ವಲ್. ಕಳಸದ ಹತ್ತಿರದ ಎಸ್ಟೇಟ್ ಒಂದರಲ್ಲಿ ಲೆಕ್ಕಪತ್ರ ನೋಡುವ ರೈಟರ್. ಒಳ್ಳೆಯ ಕಳೆಯ ಹುಡುಗ, ನಗುಮುಖ. ಯಾಕಪ್ಪಾ ಮಾರುತ್ತಿದ್ದೀಯ ಎಂದರೆ, "ಮಗು ಆಯ್ತಲ್ಲ ಆಂಟಿ, ಇದ್ರಲ್ಲಿ ಮೂರು ಜನ ಎಲ್ಲಿ ಕೂರೋದು? ಕಾರ್ ತಗೊಳ್ತಿದೀನಿ," ಎಂದ. ಹೆಂಡತಿ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮನೆಯಲ್ಲಿ ಅವನು ಮತ್ತು ಅವನ ತಾಯಿ ಸರೋಜಕ್ಕ.

"ಬೈಕ್ ಬಿದ್ದಿದ್ಯಾ?"

"ಒಂದೇ ಸಲ ಆಂಟಿ. ಅದೂ ನಿಂತಲ್ಲೇ."

ಇದೊಂದು ವಿಚಿತ್ರ ನೋಡಿ. ಮಾರಾಟಕ್ಕಿರುವ ಯಾವ ಬೈಕೂ ಓಡುವಾಗ ಬಿದ್ದಿರುವುದಿಲ್ಲ. ಎಲ್ಲವೂ ಒಂದೇ ಸಲ, ಅದೂ ನಿಂತಲ್ಲೇ ಬಿದ್ದಿರುತ್ತವೆ.

ಬೈಕನ್ನು ಅಂಗಳದ ತುದಿಯಲ್ಲಿ, ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ್ದ. ಬಯಲುಸೀಮೆಯವರಾದರೆ ಯಾಕೆ ಹೀಗೆ ಎಂದು ಕೇಳುತ್ತಿದ್ದರೇನೋ. ನಮಗೆ ಇದು ಹುಟ್ಟಿನಿಂದ ಬಂದ ಅಭ್ಯಾಸ. ಜೀಪಿರಲಿ, ಸ್ಕೂಟರಿರಲಿ, ನಾವು ನಿಲ್ಲಿಸುವುದೇ ಹಾಗೆ. ಬ್ಯಾಟರಿ ಕೈಕೊಟ್ಟರೆ ಗುಡ್ಡದಿಂದ ಜಾರಿಸಿ ಸ್ಟಾರ್ಟ್ ಮಾಡಬಹುದಲ್ಲ! ಹಾಗಾಗಿ ಮೊದಲು ನನಗೂ ಏನೂ ಅನ್ನಿಸಲಿಲ್ಲ. ಆಮೇಲೆ ತಲೆಯೊಳಗೆ ಗಂಟೆ ಹೊಡೆಯಿತು. ಇಂಜಿನ್ ಮೇಲೆ ಕೈಯಿಟ್ಟೆ. ಚುರ್ ಎಂದಿತು!

"ಏನಪ್ಪಾ, ಇದು ಬಿಸಿ ಇದೆ?"

"ಬೆಳಿಗ್ಗೆ ಹಾಲಿಗೆ ಹೋಗಿದ್ದೆ ಆಂಟಿ."

ಸ್ಪೋರ್ಟ್ಸ್ ಬೈಕಿನಲ್ಲಿ ಹಾಲಿಗೆ! ಇರಬಹುದು. ಆದರೆ ತಣ್ಣಗಿರುವಾಗ ಸತಾಯಿಸುವ ಇಂಜಿನ್ ಬಿಸಿಯಾಗಿದ್ದಾಗ ಮುದ್ದಿನ ಮಗುವಿನಂತೆ ಆಡುತ್ತದೆ. ನೀವೂ ಹಳೆಯ ಬೈಕು ನೋಡಲು ಹೋದರೆ, ಮೊದಲು ಇಂಜಿನ್ ಮುಟ್ಟಿ. ಬೆಚ್ಚಗಿದ್ದರೆ ಆರುವ ತನಕ ಕದಲಬೇಡಿ. "ಬೈಕ್ ತಿರುಗಿಸಿ ಏರಿನ ಕಡೆ ಮುಖ ಮಾಡಿ ನಿಲ್ಸು. ತಣ್ಣಗಾದ್ಮೇಲೆ ಬಟನ್ ಒತ್ತಿ ಸ್ಟಾರ್ಟ್ ಮಾಡು," ಎಂದೆ. ಪ್ರಜ್ವಲ್ ನಗು ಸ್ವಲ್ಪ ಸಣ್ಣದಾಯಿತು. ಸಹನಾ ಆಕಾಶ ನೋಡಿದಳು.

ಅವಳ ಬಗ್ಗೆ ಒಂದು ಮಾತು. ಸಾವಿರ ಬೀಜಗಳ ನಡುವೆ ಒಂದು ಕೆಟ್ಟದ್ದಿದ್ದರೂ ನಾಲಿಗೆಯಲ್ಲಿ ಹಿಡಿಯುವವಳು, ಆ ಕೆಂಪು ಬಣ್ಣ ಕಂಡದ್ದೇ ಎಲ್ಲ ಮರೆತು ನಿಂತಿದ್ದಳು. ಸೀಟು ಸವರುವುದೇನು, ಕನ್ನಡಿ ಒರೆಸುವುದೇನು! ಹೀಗಿರುವಾಗ ಸೀರೆಯ ಚಿಂತೆ ಬಿಟ್ಟು ಮಂಡಿಯೂರುವುದು ಇನ್ಯಾರು?

ಚಾಸಿ ನಂಬರ್ ಆರ್.ಸಿ.ಗೆ ಹೊಂದುತ್ತದೆಯಾ ಎಂದು ಅಕ್ಷರ ಅಕ್ಷರ ಓದಿದೆ. ಮುಂದಿನ ಚಕ್ರದ ಮೇಲಿನ ಕೊಳವೆಗಳನ್ನು ಕರ್ಚೀಫಿನಿಂದ ಒರೆಸಿದೆ, ಎಣ್ಣೆ ಜಿನುಗುತ್ತಿರಲಿಲ್ಲ. ಚೈನ್ ಕೂರುವ ಚಕ್ರದ ಹಲ್ಲುಗಳು ಚೂಪಾಗಿ ಸವೆದಿಲ್ಲ. ಇಂಜಿನ್ ಬೋಲ್ಟುಗಳ ಮೇಲೆ ಪಾನಾ ಬಿದ್ದ ಗಾಯವಿಲ್ಲ, ಅಂದರೆ ಬಿಚ್ಚಿಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಸಿ ಒಳಗೂ ಇಣುಕಿದೆ. ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಂತ ಬೈಕಿಗೆ ತುಕ್ಕು ಹಿಡಿಯುವುದು ಒಳಗಿನಿಂದ. ಹೊರಗೆ ಪಾಲಿಶ್ ಹೊಡೆದರೆ ನಿಮಗೇನು ಗೊತ್ತಾಗುತ್ತದೆ?

ಎಲ್ಲ ಸರಿಯಿತ್ತು. ಆದರೂ ಇನ್ನೊಂದು ಸುತ್ತು ಟಾರ್ಚ್ ಬಿಟ್ಟು ನೋಡಿದೆ. ನಿಜ ಹೇಳಲಾ? ಏನಾದರೂ ಕೆಟ್ಟಿರಲಿ ಎಂದೇ ಹುಡುಕುತ್ತಿದ್ದೆ.

ಇಂಜಿನ್ ಆರಬೇಕಲ್ಲ, ಸರೋಜಕ್ಕ ಒಳಗೆ ಕರೆದರು. ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದರು.

"ತಗೊಂಡು ಹೋಗಿ ಟೀಚ್ರೇ, ಪುಣ್ಯ ಬರ್ತದೆ. ಅದು ಬಂದಾಗಿಂದ ನಂಗೆ ನೆಮ್ಮದಿ ಅನ್ನೋದೇ ಇಲ್ಲ."

"ನಿಜ ಹೇಳಿ ಸರೋಜಕ್ಕ. ಬಿದ್ದಿದಾನಾ?"

ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಸಂಸೆ ಹತ್ರ ಒಂದ್ಸಲ. ರಸ್ತೆ ಪಾಚಿ ಕಟ್ಟಿತ್ತು ಮಾರಾಯ್ರೆ, ಜಾರಿದ. ಮೊಣಕೈ ತರಚಿತ್ತು, ಬೇರೆಂತ ಆಗ್ಲಿಲ್ಲ. ನಾನು ಹೇಳ್ದೆ ಅಂತ ಹೇಳ್ಬೇಡಿ."

ಹೇಳಲಿಲ್ಲ. ಸೀದಾ ಹೊರಗೆ ಬಂದು ಬಲಗಡೆಯ ಬ್ರೇಕ್ ಲಿವರಿನ ತುದಿ ನೋಡಿದೆ. ಉಜ್ಜಿ ಸವೆದಿತ್ತು. ಕಾಲಿಡುವ ಜಾಗದ ತುದಿಯೂ ಅಷ್ಟೆ. ನಿಂತಲ್ಲಿ ಬಿದ್ದರೆ ಪೆಟ್ಟು ಬೀಳುತ್ತದೆ, ಇಷ್ಟು ಉದ್ದಕ್ಕೆ ಕೆರೆಯುವುದಿಲ್ಲ.

"ಸಂಸೇಲಿ ನಿಂತಿದ್ಯೇನಪ್ಪಾ?" ಎಂದೆ.

"ಅಮ್ಮ ಹೇಳಿದ್ರಾ?" ಎಂದ ಪ್ರಜ್ವಲ್ ಪೆಚ್ಚಾಗಿ. ಕಿವಿ ಕೆಂಪಾಯಿತು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿದೆ. ಜೋರಾಗಿ ಬಿದ್ದ ಬೈಕಿನಲ್ಲಿ ಹ್ಯಾಂಡಲ್ ತಡೆಯುವ ಕಬ್ಬಿಣದ ಮೊಳೆ ಬಗ್ಗಿರುತ್ತದೆ. ಇದರಲ್ಲಿ ಬಗ್ಗಿರಲಿಲ್ಲ. ಚಕ್ರವೂ ಸೀದಾ ಇತ್ತು.

ಇಂಜಿನ್ ಆರಿತು. ಬೈಕಿನ ಮುಖ ಏರಿನ ಕಡೆಗೆ. ಬಟನ್ ಒತ್ತಿದ. ಒಂದೇ ಸಲಕ್ಕೆ ಸ್ಟಾರ್ಟ್!

ಅಬ್ಬಬ್ಬಾ, ಅದೇನು ಸದ್ದು! ನಾನು ಬೆಚ್ಚಿ ಹಿಂದಕ್ಕೆ ಹಾರಿದೆ. ಹಿತ್ತಿಲಿನ ಕೋಳಿಗಳು ದಿಕ್ಕಾಪಾಲಾದವು. ನಾನು ಬರೆದು ಬೈದಿದ್ದೆನಲ್ಲ, ಅದೇ ಜಾತಿಯ ಸೈಲೆನ್ಸರ್.

"ಇದು ನಂಗೆ ಬೇಡ್ವೇ ಬೇಡ," ಎಂದೆ. ಪ್ರಜ್ವಲ್ ಅಟ್ಟ ಹತ್ತಿ, ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಕಂಪನಿ ಸೈಲೆನ್ಸರ್ ಇಳಿಸಿದ. ಅದನ್ನೇ ಹಾಕಿ ಕೊಡುತ್ತೇನೆ ಎಂದ. ಅದಕ್ಕೆ ಮೊದಲು ಸಹನಾ ಒಂದು ಸುತ್ತು ಓಡಿಸಿ ನೋಡಲಿ ಎಂದಾಯಿತು. ಅವಳು ಹೆಲ್ಮೆಟ್ ಹಾಕಿ, ನನ್ನ ಮುಖ ನೋಡದೆ ಹೊರಟೇಬಿಟ್ಟಳು. ಮೊದಲ ತಿರುವಿನಲ್ಲೇ ಮರೆಯಾದಳು.

ನಾನು ಅಂಗಳದ ತುದಿಗೆ ಹೋಗಿ ನಿಂತೆ. ಪಕ್ಕದಲ್ಲಿ ಸರೋಜಕ್ಕ, ಕೈಯಲ್ಲಿ ರೊಟ್ಟಿಯ ಹಿಟ್ಟು, ಕಿವಿ ರಸ್ತೆಯ ಕಡೆಗೆ.

"ಹೆದರ್ಬೇಡಿ. ಈಗ ಸೇತುವೆ ದಾಟಿದ್ಲು," ಎಂದರು.

ನನಗೇನೂ ಕಾಣುತ್ತಿರಲಿಲ್ಲ. ಅವರಿಗೂ ಕಾಣುತ್ತಿರಲಿಲ್ಲ.

"ಈಗ ಗೇರ್ ಇಳಿಸಿದ್ಲು. ಶಾಲೆ ಹತ್ರ ಏರು. ಒಳ್ಳೆ ಬಿಡ್ತಾಳೆ ನಿಮ್ಮ ಮಗಳು, ನಮ್ಮವನ ಹಾಗೆ ಎಳೆಯಲ್ಲ. ಹಾಂ, ಈಗ ದೊಡ್ಡ ತಿರುವು…"

ಸದ್ದು ನಿಂತಿತು.

ಕಡಿಮೆಯಾದದ್ದಲ್ಲ. ನಿಂತೇ ಹೋಯಿತು. ಸರೋಜಕ್ಕನ ಹಿಟ್ಟಿನ ಕೈ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಅಷ್ಟು ಹೊತ್ತು ನಗುತ್ತಿದ್ದ ಪ್ರಜ್ವಲ್ ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಓಡಿದ. ನಾನು ಯಾವ ಯಾವ ದೇವರಿಗೆ ಏನೇನು ಹೇಳಿಕೊಂಡೆನೋ ನೆನಪಿಲ್ಲ. ಬೈಕು ಬೇಡ, ಏನೂ ಬೇಡ, ಆ ಸದ್ದೊಂದು ಮತ್ತೆ ಕೇಳಲಿ ಎಂದು ಮಾತ್ರ ಬೇಡಿಕೊಂಡದ್ದು ನೆನಪಿದೆ.

ಕೇಳಿತು. ಕೋಳಿಗಳನ್ನು ಚದುರಿಸಿದ ಅದೇ ಸದ್ದು. ನನ್ನ ಕಣ್ಣಲ್ಲಿ ನೀರು ಬಂತು.

ಮಗಳು ಬಂದು ಹೆಲ್ಮೆಟ್ ತೆಗೆದಳು. ಮುಖವೆಲ್ಲ ನಗು. "ಆ ತಿರುವಲ್ಲಿ ವ್ಯೂ ಸೂಪರಾಗಿದೆ ಅಮ್ಮ. ನಿಲ್ಸಿ ಬೈಕ್ ಜೊತೆ ಒಂದು ಸೆಲ್ಫಿ ತಗೊಂಡೆ!"

ನಾನು ಏನೆಂದು ಬೈದೆ ಎಂಬುದನ್ನು ಪತ್ರಿಕೆಯವರು ಅಚ್ಚು ಮಾಡುವುದಿಲ್ಲ.

ಆಮೇಲೆ ರೊಟ್ಟಿ ತಿನ್ನುವಾಗ ಸರೋಜಕ್ಕ ಮೆಲ್ಲಗೆ ಹೇಳಿದರು: "ಆ ಸೈಲೆನ್ಸರ್ ಹಾಗೇ ಇರ್ಲಿ ಟೀಚ್ರೇ, ತೆಗೆಸ್ಬೇಡಿ. ಮೊದ್ಲು ನಾನೂ ಬೈತಿದ್ದೆ. ಆಮೇಲಾಮೇಲೆ ಎಂತ ಆಯ್ತು ಅಂದ್ರೆ, ಸಂಜೆ ಸೇತುವೆ ಹತ್ರ ಅದು ಕೇಳಿದ್ರೇ ನಾನು ಕಾವಲಿ ಇಡೋದು. ಅವ್ನು ಮನೆಗೆ ಬರೋ ಹೊತ್ತಿಗೆ ರೊಟ್ಟಿ ಬಿಸಿ ಇರ್ತದೆ. ಅಲ್ಲೀವರೆಗೆ ಕೈಯೇ ಓಡಲ್ಲ."

ನಾನು ನಕ್ಕೆ. ತರಗತಿಯಲ್ಲಿ ನಗುತ್ತಿದ್ದೆನಲ್ಲ, ಆ ನಗು. ಅದು ಕಾನೂನಿಗೆ ವಿರುದ್ಧ, ಪೊಲೀಸರು ಹಿಡಿಯುತ್ತಾರೆ, ಊರವರಿಗೆ ತೊಂದರೆ, ರೋಗಿಗಳಿರುತ್ತಾರೆ, ಮಕ್ಕಳಿರುತ್ತಾರೆ ಎಂದು ಪಾಠ ಮಾಡಿದೆ. ಎಲ್ಲವೂ ಸರಿಯೇ. ಸರೋಜಕ್ಕ ಇನ್ನೊಂದು ರೊಟ್ಟಿ ಹಾಕಿದರು, ಅಷ್ಟೆ.

ಸಾಲ ತೀರಿದ ಬಗ್ಗೆ ಬ್ಯಾಂಕಿನ ಕಾಗದ, ಇನ್ಶೂರೆನ್ಸ್, ಬಾಕಿ ಉಳಿದ ಫೈನು, ಎಲ್ಲ ನೋಡಿ ಮುಗಿಸಿ, ಬೈಕು ನಮ್ಮ ಮನೆಗೆ ಬಂತು. ಕಂಪನಿ ಸೈಲೆನ್ಸರಿನೊಂದಿಗೆ. ಸದ್ದಿನದ್ದು ಗೋಣಿಚೀಲ ಸುತ್ತಿಕೊಂಡು ಸರೋಜಕ್ಕನ ಅಟ್ಟ ಸೇರಿತು. ಬೆಕ್ಕಿನ ಹಾಗೆ ಬರುತ್ತದೆ, ಬೆಕ್ಕಿನ ಹಾಗೆ ಹೋಗುತ್ತದೆ. ಬೀದಿಯವರು ಯಾರೂ ಶಾಪ ಹಾಕುವುದಿಲ್ಲ. ಅಂಕಣದ ಮಾನ ಉಳಿಯಿತು.

ಸಂಜೆಯಾದರೆ ನಾನು ಟಿ.ವಿ. ಸದ್ದು ತೆಗೆದು ಕೂರುತ್ತೇನೆ. ಮುಗ್ತಿಹಳ್ಳಿ ದಾಟಿರಬಹುದು. ಹ್ಯಾಂಡ್‌ಪೋಸ್ಟಿಗೆ ಬಂದಿರಬಹುದು. ಬಹುದು, ಬಹುದು. ರಸ್ತೆಯಲ್ಲಿ ಬೈಕುಗಳು ಹೋಗುತ್ತಲೇ ಇರುತ್ತವೆ. ಯಾವುದು ಅವಳದ್ದು? ಒಂದೂ ಗೊತ್ತಾಗುವುದಿಲ್ಲ. ಎಲ್ಲಕ್ಕೂ ಒಂದೇ ಗುರುಗುರು. ಓಡಿಸುವಾಗ ಫೋನ್ ಎತ್ತಬೇಡ ಎಂದವಳೂ ನಾನೇ, ಹಾಗಾಗಿ ಎತ್ತುವುದಿಲ್ಲ.

ಹೋದ ವಾರ ಒಂದು ಸಂಜೆ ಮಂಜು ಸುರಿಯುತ್ತಿತ್ತು. ಹೊತ್ತಾಯಿತು, ಅವಳಿಲ್ಲ. ಪ್ರತಿ ಬೈಕಿಗೂ ಎದ್ದು ಗೇಟಿಗೆ ಹೋದೆ, ಬಂದೆ. "ಬರ್ತಾಳೆ ಕೂತ್ಕೋ," ಎಂದರು ಯಜಮಾನರು. ಕೂರಲು ಆಗಬೇಕಲ್ಲ! ಕೊನೆಗೆ ಮತ್ತೆ ಬಾಗಿಲು ತೆರೆದರೆ, ಎದುರಿಗೇ ನಿಂತಿದ್ದಾಳೆ. ಕೈಯಲ್ಲಿ ಹೆಲ್ಮೆಟ್, ಕೂದಲಿನಲ್ಲಿ ಮಂಜಿನ ಹನಿ.

"ಎಂತ ಅಮ್ಮ, ಬಾಗಿಲಲ್ಲಿ?"

"ಕಳ್ಳರ ಹಾಗೆ ಬರ್ತೀಯಲ್ಲೇ ಮಾರಾಯ್ತಿ! ಬರೋದು ಒಂದು ಚೂರು ಕೇಳ್ಬಾರ್ದಾ?" ಎಂದು ಕೂಗಾಡಿಬಿಟ್ಟೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ತಣ್ಣಗಾದ ಅನ್ನವನ್ನೇ ಬಡಿಸಿದೆ.

ಮಾರನೆಯ ದಿನ ಅವಳು ಕೆಲಸಕ್ಕೆ ಹೋದ ಮೇಲೆ ಸರೋಜಕ್ಕನಿಗೆ ಫೋನ್ ಮಾಡಿದೆ. ಮಗುವಿನ ಸುದ್ದಿ ಕೇಳಿದೆ, ಹೊಸ ಕಾರಿನ ಸುದ್ದಿ ಕೇಳಿದೆ, ಅಲ್ಲಿ ಮಳೆ ಬಂತಾ ಎಂದೂ ಕೇಳಿದೆ. ಆಮೇಲೆ ಯಜಮಾನರು ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿ ಕೇಳಿದೆ:

"ಸರೋಜಕ್ಕಾ, ಆ ಸದ್ದಿನ ಸೈಲೆನ್ಸರ್ ಇನ್ನೂ ನಿಮ್ಮ ಅಟ್ಟದ ಮೇಲಿದ್ಯಾ?"